ಗ್ರೀನಿಚ್ ವಿಲೇಜ್‌ನಿಂದಾಚೆ: ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಸಲಿಂಗಿಗಳ ನೆಲೆಗಳು

ನ್ಯೂಯಾರ್ಕಿಗೆ ಹೋಗಿ ಬಂದ ಕನ್ನಡಿಗರಿಗೆ ಜಾಕ್ಸನ್ ಹೈಟ್ಸ್ ಅಪರಿಚಿತ ಸ್ಥಳವಲ್ಲ. ತೊಗರಿಬೇಳೆ, ಕರಿಬೇವು, ರೇಷ್ಮೆ ಸೀರೆ, ಚಿನ್ನದ ಬಳೆ, ಊರಿಗೆ ಹಣ ಕಳುಹಿಸುವ ಕೌಂಟರ್ ಎಲ್ಲವೂ ಅಲ್ಲಿನ 74ನೇ ಬೀದಿಯಲ್ಲಿ ಒಂದರ ಮಗ್ಗುಲಿಗೊಂದು ಇವೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋದ ತಂದೆತಾಯಂದಿರು ಒಮ್ಮೆಯಾದರೂ ಕೈಚೀಲ ಹಿಡಿದು ಅಲ್ಲಿ ನಡೆದಿರುತ್ತಾರೆ. ಆ ಅಂಗಡಿಗಳಿಂದ ನಾಲ್ಕು ಬೀದಿ ದಾಟಿ, 78ನೇ ಬೀದಿಯೂ 37ನೇ ಅವೆನ್ಯೂವೂ ಕೂಡುವ ಮೂಲೆಗೆ ಬಂದರೆ ಕಂಬದ ಮೇಲೆ 'ಹೂಲಿಯೊ ರಿವೇರಾ ಕಾರ್ನರ್' ಎಂಬ ಫಲಕವಿದೆ. ತಲೆಯೆತ್ತಿ ಅದನ್ನು ಓದುವ ನಮ್ಮವರು ವಿರಳ.

ನ್ಯೂಯಾರ್ಕಿನಲ್ಲಿ ಸಲಿಂಗಿಗಳ ಬಡಾವಣೆ ಎಂದೊಡನೆ ಎಲ್ಲರೂ ಹೇಳುವ ಹೆಸರು ಮ್ಯಾನ್‌ಹಾಟನ್ನಿನ ಗ್ರೀನಿಚ್ ವಿಲೇಜ್. ಪ್ರವಾಸಿ ಕೈಪಿಡಿಗಳು ಅಲ್ಲಿಂದಾಚೆಗೆ ಹೋಗುವುದು ಕಡಿಮೆ. ಆದರೆ ನಗರದ ಲೈಂಗಿಕ ಅಲ್ಪಸಂಖ್ಯಾತರಲ್ಲಿ ಬಹುಮಂದಿ, ಅದರಲ್ಲೂ ಹೊರದೇಶಗಳಿಂದ ಬಂದವರು, ವಾಸಿಸುವುದು ವಿಲೇಜ್‌ನಲ್ಲಲ್ಲ. ಅವರು ಕೂಡುವ, ಕುಡಿಯುವ, ಕುಣಿಯುವ, ಸಭೆ ಸೇರುವ ಸ್ಥಳಗಳು ಬೇರೆಡೆ ಇವೆ. ಅವುಗಳ ಪೈಕಿ ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದ ಜಾಕ್ಸನ್ ಹೈಟ್ಸ್‌ನ ಹಿನ್ನೆಲೆ ಹಾಗೂ ಅಲ್ಲಿನ ತಾಣಗಳನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ವಿಲೇಜ್‌ನ ಹಿನ್ನೆಲೆ

ಕ್ರಿಸ್ಟೋಫರ್ ಸ್ಟ್ರೀಟ್‌ನ ಸ್ಟೋನ್‌ವಾಲ್ ಇನ್ ಎಂಬ ಬಾರಿನ ಮೇಲೆ 1969ರ ಜೂನ್ 28ರ ನಸುಕಿನಲ್ಲಿ ಪೊಲೀಸರು ದಾಳಿ ನಡೆಸಿದಾಗ ಗಿರಾಕಿಗಳು ತಿರುಗಿಬಿದ್ದ ಪ್ರಸಂಗ ಜಗತ್ತಿಗೇ ಗೊತ್ತಿದೆ. ಅದಕ್ಕೂ ಮೂರು ವರ್ಷ ಹಿಂದೆ, 1966ರ ಏಪ್ರಿಲ್‌ನಲ್ಲಿ, ಸಮೀಪದ ಜೂಲಿಯಸ್ ಬಾರಿಗೆ ಮ್ಯಾಟಶೀನ್ ಸೊಸೈಟಿಯ ಕೆಲವರು ಹೋಗಿ, 'ನಾವು ಸಲಿಂಗಿಗಳು, ನಮಗೆ ಮದ್ಯ ಕೊಡಿ' ಎಂದು ಕೇಳಿ ನಿರಾಕರಣೆಯನ್ನು ದಾಖಲಿಸಿದ್ದರು. ಸಲಿಂಗಿಗಳು ಸೇರುವ ಬಾರನ್ನು ಅಶಿಸ್ತಿನ ತಾಣವೆಂದು ಪರಿಗಣಿಸಿ ಪರವಾನಗಿ ಕಿತ್ತುಕೊಳ್ಳುವ ಭಯ ಮಾಲೀಕರಿಗೆ ಇದ್ದ ಕಾಲ ಅದು. ಸ್ಟೋನ್‌ವಾಲ್ ಆವರಣಕ್ಕೆ 2016ರಲ್ಲಿ ರಾಷ್ಟ್ರೀಯ ಸ್ಮಾರಕದ ಸ್ಥಾನ ದೊರೆಯಿತು.

ಸ್ಮಾರಕವಾಗುವ ಹೊತ್ತಿಗೆ ಬಡಾವಣೆ ಬಹಳಷ್ಟು ಬದಲಾಗಿತ್ತು. ಬಾಡಿಗೆ ಏರಿದಂತೆ 1990ರ ದಶಕದಲ್ಲಿ ಸಲಿಂಗಿಗಳ ಬಾರು-ಅಂಗಡಿಗಳ ಸಾಲು ಉತ್ತರದ ಚೆಲ್ಸಿಗೆ, ಮುಂದಿನ ದಶಕದಲ್ಲಿ ಇನ್ನೂ ಮೇಲಿನ ಹೆಲ್ಸ್ ಕಿಚನ್‌ಗೆ ಸರಿಯಿತು. 1967ರಲ್ಲಿ ಆರಂಭಗೊಂಡು ವಿಲೇಜ್‌ನ ಹೆಗ್ಗುರುತಾಗಿದ್ದ ಆಸ್ಕರ್ ವೈಲ್ಡ್ ಪುಸ್ತಕದಂಗಡಿ 2009ರಲ್ಲಿ ಬಾಗಿಲು ಹಾಕಿತು. ಇಂದು ಕ್ರಿಸ್ಟೋಫರ್ ಸ್ಟ್ರೀಟ್‌ಗೆ ಫೋಟೊ ತೆಗೆಸಿಕೊಳ್ಳಲು ಬರುವವರು ಹೆಚ್ಚು, ಬಾಡಿಗೆಗೆ ಮನೆ ಹುಡುಕಿ ಬರುವ ವಿದ್ಯಾರ್ಥಿಗಳೂ ನೌಕರರೂ ಕಡಿಮೆ.

ರೈಲು ಕಟ್ಟಿದ ಊರು

ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ಯೋಜಿತ ಬಡಾವಣೆ. ನಡುವೆ ತೋಟ, ಸುತ್ತ ಇಟ್ಟಿಗೆಯ ಅಪಾರ್ಟ್‌ಮೆಂಟುಗಳು. ಕಬ್ಬಿಣದ ಕಂಬಗಳ ಮೇಲೆ ಸಾಗುವ ರೈಲು 1917ರಲ್ಲಿ ರೂಸ್‌ವೆಲ್ಟ್ ಅವೆನ್ಯೂಗೆ ಬಂತು. ಈಗ ಅದು 7ನೇ ನಂಬರಿನ ರೈಲು. ಹತ್ತು ವರ್ಷದ ತರುವಾಯ ಈ ಮಾರ್ಗ ಟೈಮ್ಸ್ ಸ್ಕ್ವೇರ್ ಮುಟ್ಟಿತು. ಬ್ರಾಡ್‌ವೇ ರಂಗಮಂದಿರಗಳಲ್ಲಿ ದುಡಿಯುವ ನಟರು, ನರ್ತಕರು ರಾತ್ರಿ ಪ್ರದರ್ಶನ ಮುಗಿಸಿ ನೇರ ರೈಲಿನಲ್ಲಿ ಮನೆ ಸೇರಬಹುದಿತ್ತು. ಅವರಲ್ಲಿ ಸಲಿಂಗಿಗಳೂ ಇದ್ದರು; ಬಡಾವಣೆಯ ಸಲಿಂಗಿ ಇತಿಹಾಸವನ್ನು ಸ್ಥಳೀಯರು ಇಲ್ಲಿಂದಲೇ ಆರಂಭಿಸುತ್ತಾರೆ.

ಅಮೆರಿಕ 1965ರಲ್ಲಿ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಕೊಲಂಬಿಯ, ಈಕ್ವೆಡಾರ್, ಭಾರತ, ಪಾಕಿಸ್ತಾನ, ಆಮೇಲೆ ಬಾಂಗ್ಲಾದೇಶ, ನೇಪಾಳದವರೆಲ್ಲ ಇಲ್ಲಿಗೆ ಬಂದರು. ಒಂದು ಸಂಗತಿಯನ್ನು ನಮ್ಮವರು ಗಮನಿಸಿದಂತಿಲ್ಲ. ಸಲಿಂಗಿ ವಿದೇಶಿಯರಿಗೆ ಅಮೆರಿಕ ಪ್ರವೇಶ ನಿರಾಕರಿಸಲು ಬಳಸುತ್ತಿದ್ದ ಕಲಮು ರದ್ದಾದದ್ದು 1990ರ ವಲಸೆ ಕಾಯ್ದೆಯಿಂದ. ಬೆಂಗಳೂರಿನ ಸಾವಿರಾರು ಎಂಜಿನಿಯರುಗಳನ್ನು ಆ ದೇಶಕ್ಕೆ ಕರೆದೊಯ್ದ ಎಚ್-1ಬಿ ವೀಸಾ ಹುಟ್ಟಿದ್ದೂ ಅದೇ ಕಾಯ್ದೆಯಿಂದ.

1990ರ ಜುಲೈ 2

ಆ ಕಾಯ್ದೆಗೆ ಸಹಿ ಬೀಳುವ ಕೆಲವು ತಿಂಗಳ ಮೊದಲು ಜಾಕ್ಸನ್ ಹೈಟ್ಸ್‌ನಲ್ಲಿ ಕೊಲೆಯೊಂದು ನಡೆಯಿತು. ಪೋರ್ಟೊರಿಕೊ ಮೂಲದ ಹೂಲಿಯೊ ರಿವೇರಾಗೆ ಆಗ 29 ವರ್ಷ. ಬಾರಿನಲ್ಲಿ ಪಾನೀಯ ಬಡಿಸುವ ಕೆಲಸ. 1990ರ ಜುಲೈ 2ರ ನಸುಕಿನಲ್ಲಿ 37ನೇ ಅವೆನ್ಯೂದ ಪಿ.ಎಸ್. 69 ಸರ್ಕಾರಿ ಶಾಲೆಯ ಅಂಗಳದಲ್ಲಿ ಮೂವರು ಯುವಕರು ಅವರನ್ನು ಸುತ್ತಿಗೆಯಿಂದ ಹೊಡೆದು, ಚಾಕುವಿನಿಂದ ಇರಿದರು. ಸಲಿಂಗಿ ಎಂಬುದೇ ಕಾರಣ. ಇದನ್ನು ದ್ವೇಷದ ಅಪರಾಧವೆಂದು ಒಪ್ಪಿಕೊಳ್ಳಲು ಪೊಲೀಸರು ಮೊದಮೊದಲು ಹಿಂಜರಿದರು. ಗೆಳೆಯರು, ಬಂಧುಗಳು ಹಾಗೂ ಮ್ಯಾನ್‌ಹಾಟನ್ನಿನಿಂದ ಬಂದ ಕಾರ್ಯಕರ್ತರು ಮೇಣದ ಬತ್ತಿ ಹಿಡಿದು ಬೀದಿಗಿಳಿದ ಮೇಲೆಯೇ ಪ್ರಕರಣಕ್ಕೆ ಚುರುಕು ಬಂದದ್ದು. 1991ರಲ್ಲಿ ಜ್ಯೂರಿ ಇಬ್ಬರನ್ನು ಕೊಲೆಗಾರರೆಂದು ತೀರ್ಮಾನಿಸಿತು; ಮೂರನೆಯವನು ತಪ್ಪೊಪ್ಪಿಕೊಂಡು ಸಾಕ್ಷಿ ನುಡಿದಿದ್ದ.

ವಿಲೇಜ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಮೆರವಣಿಗೆಗಳು ನಡೆಯುತ್ತಿದ್ದರೂ ಕ್ವೀನ್ಸ್‌ನ ಸಲಿಂಗಿಗಳು ತಮ್ಮ ಬಡಾವಣೆಯಲ್ಲಿ ಮುಖ ತೋರಿಸುತ್ತಿರಲಿಲ್ಲ. ರೈಲು ಹತ್ತಿ ಮ್ಯಾನ್‌ಹಾಟನ್ನಿಗೆ ಹೋಗಿ ಅಲ್ಲಿ ತಾವಾಗಿ ಇದ್ದು, ಮರಳಿ ಬಂದು ಇಲ್ಲಿ ಮೌನವಾಗಿ ಬದುಕುವುದೇ ರೂಢಿಯಾಗಿತ್ತು. ಶಾಲೆಯ ಅಂಗಳದ ಆ ಕೊಲೆ ಈ ರೂಢಿಯನ್ನು ಮುರಿಯಿತು.

ಮರುವರ್ಷಗಳಲ್ಲಿ ಇನ್ನೊಂದು ಗಲಾಟೆಯೂ ಸೇರಿಕೊಂಡಿತು. ನಗರದ ಶಾಲೆಗಳಿಗೆಂದು ಸಿದ್ಧಪಡಿಸಿದ ಪಠ್ಯ ಮಾರ್ಗದರ್ಶಿಯೊಂದರಲ್ಲಿ ಸಲಿಂಗಿ ಕುಟುಂಬಗಳ ಪ್ರಸ್ತಾಪವಿದೆ ಎಂಬ ಕಾರಣಕ್ಕೆ ಕ್ವೀನ್ಸ್‌ನ 24ನೇ ಶಾಲಾ ಮಂಡಳಿ 1992ರಲ್ಲಿ ಅದನ್ನು ತಿರಸ್ಕರಿಸಿತು. ಆಗ ಡೇನಿಯಲ್ ಡ್ರಾಮ್ ಎಂಬ ಶಾಲಾ ಶಿಕ್ಷಕರು ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ಅವರೂ ಮರಿತ್ಸಾ ಮಾರ್ಟಿನೆಜ್ ಅವರೂ ಮುಂದೆ ನಿಂತು ಸಂಘಟಿಸಿದ ಕ್ವೀನ್ಸ್ ಪ್ರೈಡ್ ಮೆರವಣಿಗೆ 1993ರ ಜೂನ್ 6ರಂದು 37ನೇ ಅವೆನ್ಯೂದಲ್ಲಿ ಮೊದಲ ಬಾರಿಗೆ ಹೊರಟಿತು. ಶಿಕ್ಷಕರಾಗಿದ್ದ ಡ್ರಾಮ್ 2009ರ ಚುನಾವಣೆಯಲ್ಲಿ ಇದೇ ಬಡಾವಣೆಯಿಂದ ನಗರ ಸಭೆಗೆ ಆಯ್ಕೆಯಾಗಿ 2021ರವರೆಗೆ ಸದಸ್ಯರಾಗಿದ್ದರು. ಕೊಲೆಯಾದ ಸ್ಥಳದ ಬೀದಿಮೂಲೆಗೆ ರಿವೇರಾ ಹೆಸರಿಟ್ಟದ್ದು 2000ದಲ್ಲಿ.

ಮೆರವಣಿಗೆ ಬಂದೊಡನೆ ಎಲ್ಲ ಸರಿಹೋಯಿತೆಂದು ತಿಳಿಯಬೇಕಿಲ್ಲ. 2001ರ ಆಗಸ್ಟ್‌ನಲ್ಲಿ ಕೊಲಂಬಿಯ ಮೂಲದ ಎಡ್ಗರ್ ಗಾರ್ಸೋನ್ ಬಾರಿನಿಂದ ಮನೆಗೆ ನಡೆದುಹೋಗುವಾಗ ಹಲ್ಲೆಗೊಳಗಾಗಿ ಸೆಪ್ಟೆಂಬರ್‌ನಲ್ಲಿ ಸತ್ತರು. ಒಂದು ಬಾರು ಸುರಕ್ಷಿತವೇ ಎಂದು ವಿಚಾರಿಸುವವರು ಬಾರಿನಿಂದ ರೈಲು ನಿಲ್ದಾಣದವರೆಗಿನ ದಾರಿಯನ್ನೂ ವಿಚಾರಿಸುವುದು ಇದೇ ಕಾರಣಕ್ಕೆ.

ರೂಸ್‌ವೆಲ್ಟ್ ಅವೆನ್ಯೂದ ಬಾರುಗಳು

ಜಾಕ್ಸನ್ ಹೈಟ್ಸ್‌ನ ಸಲಿಂಗಿ ಬಾರುಗಳಲ್ಲಿ ಹೆಚ್ಚಿನವು ರೈಲು ಹಳಿಯ ಅಡಿಯಲ್ಲಿ, ರೂಸ್‌ವೆಲ್ಟ್ ಅವೆನ್ಯೂದ ಉದ್ದಕ್ಕೆ ಹರಡಿವೆ. ತಲೆಯ ಮೇಲೆ ರೈಲು ಗುಡುಗುತ್ತ ಹೋಗುವುದರಿಂದ ಮಾತು ಅರ್ಧಕ್ಕೆ ನಿಂತು ಮತ್ತೆ ಮುಂದುವರಿಯುವುದು ಅಲ್ಲಿ ಸಾಮಾನ್ಯ. ಇವುಗಳ ಭಾಷೆ ಸ್ಪ್ಯಾನಿಷ್. ಸಂಗೀತ ಸಾಲ್ಸಾ, ಕುಂಬಿಯಾ, ಬಚಾಟಾ. 1989ರಲ್ಲಿ ಪ್ರಾರಂಭವಾದ ಫ್ರೆಂಡ್ಸ್ ಟ್ಯಾವರ್ನ್ ಈ ಪೈಕಿ ಬಹು ಹಳೆಯದು. ಅದಕ್ಕೂ ಮೊದಲಿದ್ದ ಮ್ಯಾಜಿಕ್ ಟಚ್ ಈಗಿಲ್ಲ. ಪಕ್ಕದ ವುಡ್‌ಸೈಡ್‌ನಲ್ಲಿ ಲ್ಯಾಟಿನೊ ಮಹಿಳೆಯರು ಸೇರುತ್ತಿದ್ದ ಬಮ್ ಬಮ್ ಬಾರ್ ಕೂಡ ಮುಚ್ಚಿದೆ. ಮಹಿಳೆಯರ ಬಾರುಗಳು ಮ್ಯಾನ್‌ಹಾಟನ್ನಿನಲ್ಲೇ ಬೆರಳೆಣಿಕೆಯಷ್ಟಾಗಿರುವಾಗ ಕ್ವೀನ್ಸ್‌ಗೆ ಇದು ಸಣ್ಣ ನಷ್ಟವಲ್ಲ.

ಈ ಬೀದಿಯ ಚರಿತ್ರೆಯಲ್ಲಿ ಟ್ರಾನ್ಸ್ ಮಹಿಳೆಯರ ಪಾಲು ದೊಡ್ಡದು. ಮೆಕ್ಸಿಕೊದಿಂದ ಬಂದ ಲೊರೆನಾ ಬೋರ್ಹಾಸ್ ಇಲ್ಲಿ ಬಂಧಿತರಾದ ಟ್ರಾನ್ಸ್ ಮಹಿಳೆಯರಿಗೆ ಜಾಮೀನಿನ ಹಣ ಕೂಡಿಸುತ್ತ, ತಮ್ಮ ಮನೆಯಲ್ಲೇ ಎಚ್‌ಐವಿ ಪರೀಕ್ಷೆಗೆ ವ್ಯವಸ್ಥೆ ಮಾಡುತ್ತ ಹಲವು ವರ್ಷ ದುಡಿದರು. ಕೋವಿಡ್ ಕ್ವೀನ್ಸ್ ಮೇಲೆ ಎರಗಿದ ಮೊದಲ ವಾರಗಳಲ್ಲಿ, 2020ರ ಮಾರ್ಚ್ 30ರಂದು, ಆ ರೋಗಕ್ಕೆ ಬಲಿಯಾದರು. ವೇಶ್ಯಾವಾಟಿಕೆಗಾಗಿ ಸುಳಿದಾಡುತ್ತಿದ್ದಾರೆ ಎಂದು ಬೀದಿಯಲ್ಲಿ ನಿಂತವರನ್ನು ಹಿಡಿಯಲು ಅವಕಾಶವಿತ್ತಿದ್ದ 1976ರ ರಾಜ್ಯ ಕಾನೂನು 2021ರ ಫೆಬ್ರವರಿಯಲ್ಲಿ ರದ್ದಾಯಿತು. ಹಾಕಿದ ಬಟ್ಟೆಯನ್ನೇ ಸಾಕ್ಷ್ಯವೆಂದು ಬರೆಯುತ್ತಿದ್ದ ಕಾನೂನು ಅದು. ನಮ್ಮಲ್ಲಿ ಮಂಗಳಮುಖಿಯರು ಠಾಣೆಗಳಲ್ಲಿ ಎದುರಿಸಿದ ಪಾಡನ್ನು ಬಲ್ಲವರಿಗೆ ಹೆಚ್ಚಿನ ವಿವರಣೆ ಬೇಡ.

ಗುರುತಿಸುವುದು ಹೇಗೆ?

ವಿಲೇಜ್‌ನಲ್ಲಿ ಕಾಮನಬಿಲ್ಲಿನ ಬಾವುಟ ನೋಡಿ ಒಳಹೋಗಬಹುದು. ಜಾಕ್ಸನ್ ಹೈಟ್ಸ್‌ನಲ್ಲಿ ಬಾವುಟ ನಂಬುವಂತಿಲ್ಲ. ಜೂನ್ ತಿಂಗಳಲ್ಲಿ ಬ್ಯಾಂಕಿನಿಂದ ಔಷಧದಂಗಡಿಯವರೆಗೆ ಎಲ್ಲರೂ ಬಾವುಟ ಕಟ್ಟುತ್ತಾರೆ. ವರ್ಷವಿಡೀ ಸಲಿಂಗಿಗಳು ಕೂಡುವ ಕಡೆ ಕೆಲವೊಮ್ಮೆ ಬಾವುಟವೇ ಇರುವುದಿಲ್ಲ. ಇಲ್ಲಿ ಸ್ಥಳಕ್ಕಿಂತ ವಾರ ಮುಖ್ಯ. ಒಂದೇ ಸಭಾಂಗಣ ಒಂದು ದಿನ ಮದುವೆಗೆ, ಇನ್ನೊಂದು ದಿನ ಸಲಿಂಗಿಗಳ ಸಭೆಗೆ ಸಿಗುತ್ತದೆ. ಫ್ರೆಡರಿಕ್ ವೈಸ್‌ಮನ್ 2015ರಲ್ಲಿ ತೆಗೆದ 'ಇನ್ ಜಾಕ್ಸನ್ ಹೈಟ್ಸ್' ಸಾಕ್ಷ್ಯಚಿತ್ರ ನೋಡಿದವರಿಗೆ ಸ್ಥಳೀಯ ಯಹೂದಿ ಕೇಂದ್ರದ ಸಭಾಂಗಣದಲ್ಲಿ ಸಲಿಂಗಿಗಳು ಸಭೆ ಸೇರುವ ದೃಶ್ಯ ನೆನಪಿರಬಹುದು. ಯಾವ ಪ್ರವಾಸಿ ಕೈಪಿಡಿಯೂ ಅದನ್ನು ಸಲಿಂಗಿ ತಾಣವೆಂದು ಬರೆಯಲಾರದು.

ಬೆಂಗಳೂರಿನವರಿಗೆ ಈ ಬಗೆ ಹೊಸದೂ ಅಲ್ಲ. ನಮ್ಮಲ್ಲಿ ಸಲಿಂಗಿಗಳ ಬಡಾವಣೆ ಎಂಬುದೇ ಇಲ್ಲ. 1990ರ ದಶಕದಿಂದ ಗುರುವಾರಗಳಂದು ಸೇರುತ್ತ ಬಂದ 'ಗುಡ್ ಆ್ಯಸ್ ಯು' ಬಳಗವನ್ನು ಹುಡುಕಿಕೊಂಡು ಬಂದವರು ಊರಿನ ಭಾಗವನ್ನು ಕೇಳುವ ಮೊದಲು ವಾರವನ್ನು ಕೇಳಿದ್ದರು.

ಕಾನೂನಿನ ದೃಷ್ಟಿಯಿಂದ ನೋಡಿದರೆ ನ್ಯೂಯಾರ್ಕಿನ ಯಾವ ಹೋಟೆಲೂ ಲೈಂಗಿಕ ಪ್ರವೃತ್ತಿಯ ಕಾರಣಕ್ಕೆ ಗಿರಾಕಿಯನ್ನು ಹೊರಗಟ್ಟುವಂತಿಲ್ಲ. ನಗರದ ನಿಯಮ 1986ರಿಂದಲೂ, ರಾಜ್ಯದ ಕಾಯ್ದೆ 2003ರಿಂದಲೂ ಜಾರಿಯಲ್ಲಿವೆ. ಲಿಂಗತ್ವ ಗುರುತಿಗೆ ರಾಜ್ಯಮಟ್ಟದ ರಕ್ಷಣೆ ಬಂದದ್ದು 2019ರಲ್ಲಿ. ಆದುದರಿಂದ 'ಸ್ನೇಹಪರ' ಎಂಬ ಮಾತಿಗೆ ಹೊರಹಾಕುವುದಿಲ್ಲ ಎಂಬುದಕ್ಕಿಂತ ಹೆಚ್ಚಿನ ಅರ್ಥ ಬೇಕಾಗುತ್ತದೆ. ಇಬ್ಬರು ಹೆಂಗಸರು ಕೈ ಹಿಡಿದು ಕೂತರೆ ಬಡಿಸುವವರ ಮುಖ ಬದಲಾಗದಿರುವುದು ಒಂದು. ಪಕ್ಕದ ಮೇಜಿನವರು ಊರಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸದಿರುವುದು ಇನ್ನೊಂದು.

ದೇಸಿಗಳಿಗೆ ಕಷ್ಟವಾಗುವುದು ಈ ಎರಡನೆಯದೇ. ವಿಲೇಜ್‌ನಲ್ಲಿ ಯಾರೂ ನಮ್ಮನ್ನು ಗುರುತು ಹಿಡಿಯರು, ಆದರೆ ಅಲ್ಲಿ ನಮ್ಮ ಭಾಷೆಯಿಲ್ಲ, ಊಟವಿಲ್ಲ. ಜಾಕ್ಸನ್ ಹೈಟ್ಸ್‌ನಲ್ಲಿ ಅವೆಲ್ಲ ಇವೆ, ಜೊತೆಗೆ ಚಿಕ್ಕಪ್ಪನ ಸ್ನೇಹಿತರೂ ಇರುತ್ತಾರೆ. 74ನೇ ಬೀದಿಯ ಭಾರತೀಯ ಅಂಗಡಿಗಳಿಗೂ ಕೆಲವೇ ನಿಮಿಷದ ಹಾದಿಯ ಲ್ಯಾಟಿನೊ ಬಾರುಗಳಿಗೂ ನಡುವೆ ಇರುವ ಅಂತರವನ್ನು ದೇಸಿ ಸಲಿಂಗಿಗಳು ನಕಾಶೆಯಿಂದ ಅಳೆಯುವುದಿಲ್ಲ.

ದೇಸಿ ಬಳಗಗಳು

ದಕ್ಷಿಣ ಏಷ್ಯಾದ ಸಲಿಂಗಿಗಳ ಸಂಘಟನೆ 'ಸಾಲ್ಗಾ' ನ್ಯೂಯಾರ್ಕಿನಲ್ಲಿ ರೂಪುಗೊಂಡದ್ದು 1990ರ ದಶಕದ ಆದಿಯಲ್ಲಿ. ಇದರ ಸಭೆಗಳು ನಡೆಯುತ್ತಿದ್ದುದು ಮ್ಯಾನ್‌ಹಾಟನ್ನಿನ 13ನೇ ಬೀದಿಯಲ್ಲಿ 1983ರಿಂದ ಇರುವ ಎಲ್‌ಜಿಬಿಟಿ ಸಮುದಾಯ ಕೇಂದ್ರದಲ್ಲಿ. ಮ್ಯಾಡಿಸನ್ ಅವೆನ್ಯೂದಲ್ಲಿ ಪ್ರತಿ ಆಗಸ್ಟ್‌ನಲ್ಲಿ ಜರುಗುವ ಭಾರತ ದಿನದ ಮೆರವಣಿಗೆಯಲ್ಲಿ ತಮ್ಮ ಫಲಕ ಹಿಡಿದು ನಡೆಯಲು ಸಾಲ್ಗಾ ಅನುಮತಿ ಕೇಳಿದರೆ ಸಂಘಟಕರು ಆ ದಶಕದಲ್ಲಿ ಮತ್ತೆ ಮತ್ತೆ ನಿರಾಕರಿಸಿದರು. ಸದಸ್ಯರು ಮೆರವಣಿಗೆಯ ಅಂಚಿನಲ್ಲಿ ನಿಂತು ಪ್ರತಿಭಟಿಸಿದರು. ತ್ರಿವರ್ಣ ಧ್ವಜವನ್ನು ಅವರೂ ಹಿಡಿದಿದ್ದಿರಬೇಕು ಎಂಬುದು ಊಹೆ. ತಡೆಗಟ್ಟೆಯ ಆಚೆಗೆ ಅವರಿದ್ದರು ಎಂಬುದು ದಾಖಲೆ.

ಕುಣಿತಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಶೋಲೆ ಪ್ರೊಡಕ್ಷನ್ಸ್ 2002ರಿಂದ ನಡೆಸಿದ 'ದೇಸಿಲಿಷಸ್' ಎಂಬ ಹಿಂದಿ ಚಿತ್ರಗೀತೆ, ಭಾಂಗ್ಡಾದ ರಾತ್ರಿಗಳು ಹೆಸರು ಮಾಡಿದವು. ಇದಕ್ಕೂ ಕಾಯಂ ಕಟ್ಟಡವಿರಲಿಲ್ಲ. ಕನ್ನಡದ ಹಾಡು ಬರಲೆಂದು ಕಾದರೆ ನಿರಾಶೆಯಾದೀತು.

ಕ್ವೀನ್ಸ್‌ನ ದಕ್ಷಿಣಕ್ಕೆ ರಿಚ್‌ಮಂಡ್ ಹಿಲ್ ಇದೆ. ಗಯಾನಾ, ಟ್ರಿನಿಡಾಡ್‌ಗಳಿಗೆ ಕೂಲಿಗಳಾಗಿ ಹೋದ ಭಾರತೀಯರ ಸಂತತಿ ಅಲ್ಲಿ ನೆಲೆಸಿದೆ. ಈ ಸಮುದಾಯದ ಸಲಿಂಗಿಗಳಿಗಾಗಿ 2015ರಲ್ಲಿ ಕೆರಿಬಿಯನ್ ಈಕ್ವಾಲಿಟಿ ಪ್ರಾಜೆಕ್ಟ್ ಆರಂಭವಾಯಿತು. ಹೋಳಿಯನ್ನು ಅವರು ಫಗ್ವಾ ಎನ್ನುತ್ತಾರೆ. ಫಗ್ವಾ ಮೆರವಣಿಗೆಯಲ್ಲಿ ಈ ಸಂಸ್ಥೆಯ ತಂಡವೂ ಹೆಜ್ಜೆ ಹಾಕಿದೆ. ಹಬ್ಬದೊಳಗೇ ಜಾಗ ಕೇಳಿ ಪಡೆದದ್ದು, ಬೇರೆ ಬಾರು ತೆರೆದುಕೊಂಡದ್ದಕ್ಕಿಂತ ಗಟ್ಟಿ ಕೆಲಸವೆಂದು ಈ ವರದಿಗಾರನ ಅನಿಸಿಕೆ.

ಮದ್ಯ ಬೇಡದವರಿಗೆ

ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್ ಬಹುಕಾಲದಿಂದ ಸಲಿಂಗಿ ಮಹಿಳೆಯರ ನೆಚ್ಚಿನ ಬಡಾವಣೆ. 1974ರಲ್ಲಿ ಅಪಾರ್ಟ್‌ಮೆಂಟೊಂದರಲ್ಲಿ ಆರಂಭಗೊಂಡ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್ 1993ರಲ್ಲಿ ಅಲ್ಲಿನ ಸ್ವಂತ ಮನೆಗೆ ಬಂತು. ಪತ್ರ, ಡೈರಿ, ಫೋಟೊ, ಕರಪತ್ರಗಳ ಈ ಸಂಗ್ರಹಾಲಯವನ್ನು ಸ್ವಯಂಸೇವಕಿಯರು ನಡೆಸುತ್ತಾರೆ. ತೆರೆದಿರುವ ದಿನ ಕೇಳಿಕೊಂಡು ಹೋಗಬೇಕು. ಕುಡಿಯದವರಿಗೆ, ಗದ್ದಲ ಸೇರದವರಿಗೆ, ಒಂಟಿಯಾಗಿ ಬಂದ ವಿದ್ಯಾರ್ಥಿನಿಗೆ ಇದಕ್ಕಿಂತ ನಿರುಪದ್ರವಿ ಜಾಗ ಹುಡುಕುವುದು ಕಷ್ಟ. ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್, ಬುಶ್‌ವಿಕ್‌ಗಳಲ್ಲೂ ಯುವಕರ ತಾಣಗಳಿವೆ, ಆದರೆ ಅಲ್ಲಿಯೂ ಬಾಡಿಗೆ ಬೆನ್ನಟ್ಟುತ್ತಿದೆ.

ಹೊಸಬರು ತಿಳಿದಿರಬೇಕಾದ್ದು

ಬಾರು ಪ್ರವೇಶಕ್ಕೆ 21 ವರ್ಷ ತುಂಬಿರಬೇಕು. ತಲೆ ನರೆತವರೂ ಗುರುತಿನ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ಒಳಗೆ ಧೂಮಪಾನವನ್ನು ನಗರ 2003ರಲ್ಲೇ ನಿಷೇಧಿಸಿದೆ. ಬಡಿಸಿದವರಿಗೆ ಪ್ರತಿ ಲೋಟಕ್ಕೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ಅಲ್ಲಿನ ರಿವಾಜು. ನಸುಕಿನ 4 ಗಂಟೆಯವರೆಗೂ ಮದ್ಯ ಮಾರಲು ಕಾನೂನಿನಲ್ಲಿ ಅವಕಾಶವಿದೆ. ಜಾಕ್ಸನ್ ಹೈಟ್ಸ್ ನಿಲ್ದಾಣಕ್ಕೆ 7ರ ಜೊತೆ ಇ, ಎಫ್, ಎಂ, ಆರ್ ಮಾರ್ಗಗಳೂ ಸೇರುತ್ತವೆ. ಇತರರ ಫೋಟೊ ತೆಗೆಯುವ ಮುನ್ನ ಕೇಳಬೇಕು. ಆ ಕೋಣೆಯಲ್ಲಿರುವವರ ಪೈಕಿ ಮನೆಯಲ್ಲಿ ಹೇಳದವರು, ವೀಸಾ ಕಾಗದ ಸರಿಯಿಲ್ಲದವರು ಇರಬಹುದು. ಬಾರು-ಬಳಗಗಳು ತೆರೆಯುವುದೂ ಮುಚ್ಚುವುದೂ ಬೇಗ, ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಕ್ವೀನ್ಸ್ ಪ್ರೈಡ್ ನಡೆಯುವುದು ಜೂನ್ ತಿಂಗಳ ಮೊದಲ ಭಾನುವಾರ, ಮ್ಯಾನ್‌ಹಾಟನ್ನಿನ ದೊಡ್ಡ ಮೆರವಣಿಗೆಗೆ ಕೆಲವು ವಾರ ಮುಂಚೆ. ಮಕ್ಕಳನ್ನು ಕರೆದುಕೊಂಡು ಬರುವವರು, ಕಿಟಕಿಯಿಂದ ಕೈಬೀಸುವ ಅಜ್ಜಿಯರು, ಶಾಲಾ ಬ್ಯಾಂಡು ಎಲ್ಲ ಇರುವ ಮೆರವಣಿಗೆ ಅದು. ಹೊಸಬರು ಬಡಾವಣೆಯನ್ನು ನೋಡಲು ಈ ಭಾನುವಾರವೇ ಸೂಕ್ತ, ಏಕೆಂದರೆ ಅಂದು 37ನೇ ಅವೆನ್ಯೂದಲ್ಲಿ ನಿಂತವರು ಯಾಕೆ ನಿಂತಿದ್ದಾರೆಂದು ಯಾರೂ ಕೇಳುವುದಿಲ್ಲ.

ತಂದೆತಾಯಂದಿರಿಗೆ

7ನೇ ನಂಬರಿನ ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್. ಕನ್ನಡಿಗರು ದೋಸೆಗಾಗಿಯೂ ದರ್ಶನಕ್ಕಾಗಿಯೂ ಹೋಗುವ ಗಣೇಶ ದೇವಸ್ಥಾನ ಅಲ್ಲೇ ಬೌನ್ ಸ್ಟ್ರೀಟ್‌ನಲ್ಲಿದೆ. ಅದೇ ಫ್ಲಶಿಂಗ್‌ನಲ್ಲಿ ಜೀನ್ ಮ್ಯಾನ್‌ಫೋರ್ಡ್ ಎಂಬ ಶಾಲಾ ಶಿಕ್ಷಕಿ ವಾಸಿಸುತ್ತಿದ್ದರು. ಸಲಿಂಗಿ ಕಾರ್ಯಕರ್ತನಾಗಿದ್ದ ಮಗ ಮಾರ್ಟಿ 1972ರಲ್ಲಿ ಪ್ರತಿಭಟನೆಯೊಂದರಲ್ಲಿ ಪೆಟ್ಟು ತಿಂದಾಗ ಆಕೆ ಪತ್ರಿಕೆಗೆ ಪತ್ರ ಬರೆದರು. ಅದೇ ಜೂನ್‌ನಲ್ಲಿ ಮಗನ ಜೊತೆ ಮ್ಯಾನ್‌ಹಾಟನ್ನಿನ ಮೆರವಣಿಗೆಯಲ್ಲಿ ನಡೆದರು. ಸಲಿಂಗಿ ಮಕ್ಕಳಿಗೆ ಹೆತ್ತವರು ಬೆಂಬಲವಾಗಿ ಒಂದಾಗಬೇಕು ಎಂಬ ಫಲಕ ಕೈಯಲ್ಲಿತ್ತು. ಅನೇಕ ಯುವಕರು ಬಳಿ ಬಂದು, ನಮ್ಮ ತಾಯಿಯ ಜೊತೆ ಮಾತಾಡಿ ಎಂದು ಬೇಡಿಕೊಂಡರಂತೆ. 1973ರ ಮಾರ್ಚ್‌ನಲ್ಲಿ ವಿಲೇಜ್‌ನ ಚರ್ಚೊಂದರಲ್ಲಿ ಇಪ್ಪತ್ತರಷ್ಟು ಮಂದಿ ಹೆತ್ತವರು ಸೇರಿದ ಸಭೆಯಿಂದ ಬೆಳೆದದ್ದೇ ಇಂದಿನ ಪಿಎಫ್‌ಎಲ್‌ಎಜಿ ಸಂಸ್ಥೆ. ಕ್ವೀನ್ಸ್ ಪ್ರೈಡ್‌ನ ಮೊದಲ ವರ್ಷ ಮೆರವಣಿಗೆಯ ಮುಂಚೂಣಿಯಲ್ಲಿ ನಡೆದ ಗೌರವ ಆಕೆಯದಾಗಿತ್ತು.

ದಕ್ಷಿಣ ಏಷ್ಯಾದ ತಂದೆತಾಯಂದಿರಿಗೆಂದೇ ಈಚೆಗೆ ದೇಸಿ ರೇನ್‌ಬೋ ಪೇರೆಂಟ್ಸ್ ಆ್ಯಂಡ್ ಅಲೈಸ್ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಇಂಟರ್‌ನೆಟ್ ಮೂಲಕವೂ ಇದರ ಸಭೆಗಳು ನಡೆಯುವುದರಿಂದ ಮಗಳು ನ್ಯೂಯಾರ್ಕಿನಲ್ಲಿದ್ದು ತಾಯಿ ದಾವಣಗೆರೆಯಲ್ಲಿದ್ದರೂ ಅಡ್ಡಿಯಿಲ್ಲ. ಸಮಯದ ವ್ಯತ್ಯಾಸವನ್ನು ಮಾತ್ರ ಲೆಕ್ಕ ಹಾಕಿಕೊಳ್ಳಬೇಕು.